ಡಿಸ್ಕ್ ಕೈಕೊಟ್ಟಾಗ ಯಾವ ಸಾಫ್ಟ್‌ವೇರ್? ದೋಷ ಮೊದಲು, ಟೂಲ್ ಆಮೇಲೆ

ಡ್ರೈವ್ ತೆರೆಯುತ್ತಿಲ್ಲ. ಅಥವಾ ನಿನ್ನೆ ಇದ್ದ ಫೋಲ್ಡರ್ ಇವತ್ತು ಇಲ್ಲ. ಆಗ ಹೆಚ್ಚಿನವರು ಮಾಡುವ ಕೆಲಸ ಒಂದೇ: ಬ್ರೌಸರ್ ತೆರೆದು ರಿಕವರಿ ಸಾಫ್ಟ್‌ವೇರ್ ಹುಡುಕುವುದು, ಮೊದಲು ಕಂಡದ್ದನ್ನು ಡೌನ್‌ಲೋಡ್ ಮಾಡುವುದು, ಅದೇ ಡ್ರೈವಿಗೇ ಇನ್‌ಸ್ಟಾಲ್ ಮಾಡುವುದು. ಕಳೆದುಹೋದ ಫೈಲ್ ಕೂತಿದ್ದ ಜಾಗದಲ್ಲೇ ಆ ಸಾಫ್ಟ್‌ವೇರ್ ಬಂದು ಕೂರಬಹುದು ಎಂಬುದು ಗಾಬರಿಯಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಸಾಫ್ಟ್‌ವೇರ್ ಆರಿಸುವುದು ಅಂಥ ಕಷ್ಟವೇನಲ್ಲ. ದೋಷ ಎಲ್ಲಿದೆ ಅಂತ ತಿಳಿಯುವುದೇ ಕಷ್ಟ. ಡಿಸ್ಕೇ ಸಾಯುತ್ತಿದೆಯೋ, ಡಿಸ್ಕ್ ಗಟ್ಟಿಯಾಗಿದ್ದು ಫೈಲ್ ಸಿಸ್ಟಮ್ (ಯಾವ ಫೈಲ್ ಡಿಸ್ಕಿನಲ್ಲಿ ಎಲ್ಲಿದೆ ಎಂಬ ಲೆಕ್ಕದ ಪುಸ್ತಕ) ಮಾತ್ರ ಕೆಟ್ಟಿದೆಯೋ, ಎರಡೂ ಸರಿಯಿದ್ದು ಫೈಲ್ ಡಿಲೀಟ್ ಆಗಿದೆಯೋ? ಮೂರಕ್ಕೂ ಬೇರೆ ಬೇರೆ ಟೂಲ್ ಬೇಕು, ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ.

ರಿಪೇರಿ ಬೇರೆ, ರಿಕವರಿ ಬೇರೆ

ಈ ಎರಡನ್ನೂ ಒಂದೇ ಅಂದುಕೊಂಡು ಡೇಟಾ ಕಳೆದುಕೊಳ್ಳುವವರೇ ಜಾಸ್ತಿ. ವಿಂಡೋಸ್‌ನ ಚೆಕ್‌ಡಿಸ್ಕ್, ಮ್ಯಾಕ್‌ನ ಫಸ್ಟ್ ಏಡ್, ಲಿನಕ್ಸ್‌ನ ಎಫ್‌ಎಸ್‌ಸಿಕೆ, ಇವೆಲ್ಲ ರಿಪೇರಿ ಟೂಲ್‌ಗಳು. ಇವಕ್ಕೆ ನಿಮ್ಮ ಫೈಲಿನ ಚಿಂತೆ ಇಲ್ಲ. ಫೈಲ್ ಸಿಸ್ಟಮ್ಮಿನ ಲೆಕ್ಕ ತಾಳೆಯಾಗಬೇಕು, ಅಷ್ಟೇ. ಹೊಂದದ ಸಾಲನ್ನೆಲ್ಲ ಹೊಡೆದುಹಾಕಿ, ಪುಸ್ತಕ ಸರಿಯಾಯಿತು ಅನ್ನುವ ಗುಮಾಸ್ತನ ಹಾಗೆ.

ಕೆಟ್ಟ ಡ್ರೈವಿನ ಮೇಲೆ ಚೆಕ್‌ಡಿಸ್ಕ್ ಓಡುವುದನ್ನು ಒಮ್ಮೆ ಗಮನಿಸಿ ನೋಡಿ. ಕಪ್ಪು ಪರದೆಯ ಮೇಲೆ ‘ಡಿಲೀಟಿಂಗ್ ಇಂಡೆಕ್ಸ್ ಎಂಟ್ರಿ’ ಎಂಬ ಸಾಲುಗಳು ಒಂದರ ಹಿಂದೊಂದು ಓಡುತ್ತವೆ. ಪ್ರತಿ ಸಾಲಿನಲ್ಲೂ ಒಂದು ಫೈಲಿನ ಹೆಸರು ಇರುತ್ತದೆ. ಆ ಹೆಸರು ಫೋಲ್ಡರಿನ ಪಟ್ಟಿಯಿಂದ ಹೋಯಿತು ಅಂತ ಅರ್ಥ. ತುಣುಕು ಏನಾದರೂ ಉಳಿದಿದ್ದರೆ ‘ಫೌಂಡ್.000’ ಎಂಬ ಮರೆಯಾದ ಫೋಲ್ಡರಿನಲ್ಲಿ, ಮೂಲ ಹೆಸರಿಲ್ಲದ ಫೈಲಾಗಿ ಬಂದು ಬೀಳಬಹುದು. ಕೊನೆಗೆ ವಿಂಡೋಸ್ ಸರಿಪಡಿಸಿದ್ದೇನೆ ಅನ್ನುತ್ತದೆ. ಅದರ ದೃಷ್ಟಿಯಲ್ಲಿ ಅದು ಸುಳ್ಳೂ ಅಲ್ಲ.

ರಿಕವರಿ ಟೂಲ್ ತದ್ವಿರುದ್ಧ. ಕೆಟ್ಟ ಡಿಸ್ಕಿಗೆ ಏನನ್ನೂ ಬರೆಯುವುದಿಲ್ಲ, ಸುಮ್ನೆ ಓದುತ್ತದೆ, ಸಿಕ್ಕಿದ್ದನ್ನು ಬೇರೆ ಡಿಸ್ಕಿಗೆ ಹಾಕುತ್ತದೆ. ಹಾಗಾಗಿ ನನ್ನ ಕ್ರಮ ಯಾವಾಗಲೂ ಇದು: ಡಿಸ್ಕಿನ ಆರೋಗ್ಯ ನೋಡುವುದು, ಬೇಕಿದ್ದರೆ ಪೂರ್ತಿ ನಕಲು ತೆಗೆಯುವುದು, ಆಮೇಲೆ ರಿಕವರಿ, ಕಟ್ಟಕಡೆಗೆ ರಿಪೇರಿ. ಡಿಸ್ಕಿನಲ್ಲಿರುವುದಕ್ಕೆಲ್ಲ ಬ್ಯಾಕಪ್ ಇದ್ದರೆ ಮಾತ್ರ ನೇರವಾಗಿ ರಿಪೇರಿಗೆ ಹಾರಬಹುದು.

ಮುಟ್ಟಬಾರದ ಗುಂಡಿಗಳು

ವಿಂಡೋಸ್ ತಾನೇ ಒಳ್ಳೆಯ ಮಾತಿನಲ್ಲಿ ಅಪಾಯಕ್ಕೆ ಕರೆಯುತ್ತದೆ. ಡ್ರೈವ್ ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು ಅಂತ ಕೇಳಿದರೆ ಕ್ಯಾನ್ಸಲ್ ಒತ್ತಿ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದ ಕೂಡಲೇ ಡಿಸ್ಕನ್ನು ಇನಿಶಿಯಲೈಸ್ ಮಾಡಲಾ ಅಂದರೆ ಬೇಡ ಅನ್ನಿ. ಪೆನ್‌ಡ್ರೈವ್ ಚುಚ್ಚಿದಾಗ ‘ಸ್ಕ್ಯಾನ್ ಅಂಡ್ ಫಿಕ್ಸ್’ ಬಂದರೂ ಬೇಡ. ಕಂಪ್ಯೂಟರ್ ಶುರುವಾಗುವಾಗ ತಾನಾಗಿ ಡಿಸ್ಕ್ ತಪಾಸಣೆಗೆ ಹೊರಟರೆ, ಕೆಲವು ಸೆಕೆಂಡು ಸಮಯ ಕೊಟ್ಟು ಬಿಟ್ಟುಬಿಡಲು ಯಾವುದಾದರೂ ಕೀ ಒತ್ತಿ ಅನ್ನುತ್ತದೆ. ಒತ್ತಿಬಿಡಿ.

ಡಿಲೀಟ್ ಆದ ಫೈಲು ವಿಂಡೋಸ್ ಇರುವ ಡ್ರೈವಿನಲ್ಲೇ ಇದ್ದರೆ ಕಂಪ್ಯೂಟರನ್ನೇ ಆಫ್ ಮಾಡಿ. ನೀವು ಏನೂ ಮಾಡದಿದ್ದರೂ ಅಪ್‌ಡೇಟ್, ಬ್ರೌಸರ್ ಕ್ಯಾಶ್, ಲಾಗ್ ಅಂತ ವಿಂಡೋಸ್ ಬರೆಯುತ್ತಲೇ ಇರುತ್ತದೆ. ಡಿಸ್ಕ್ ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ, ಇಲ್ಲವೇ ಲಿನಕ್ಸ್ ಹಾಕಿದ ಪೆನ್‌ಡ್ರೈವಿನಿಂದ ಬೂಟ್ ಮಾಡಿ. ಸಿಸ್ಟಮ್‌ರೆಸ್ಕ್ಯೂ ಎಂಬ ಉಚಿತ ಲಿನಕ್ಸ್ ಇದಕ್ಕೆಂದೇ ಇದೆ, ಮುಂದೆ ಹೇಳುವ ಟೂಲ್‌ಗಳಲ್ಲಿ ಮುಖ್ಯವಾದವು ಅದರಲ್ಲಿ ಮೊದಲೇ ಇವೆ.

ಅದಕ್ಕೂ ಮೊದಲು ರಿಸೈಕಲ್ ಬಿನ್, ಕ್ಲೌಡ್ ಖಾತೆಯ ಕಸದ ಬುಟ್ಟಿ, ಫೋಲ್ಡರಿನ ಮೇಲೆ ಬಲ ಕ್ಲಿಕ್ ಮಾಡಿದರೆ ಪ್ರಾಪರ್ಟೀಸ್‌ನಲ್ಲಿ ಸಿಗುವ ‘ಪ್ರೀವಿಯಸ್ ವರ್ಷನ್ಸ್’ ನೋಡಿದಿರಾ? ಕ್ಲೌಡ್ ಬುಟ್ಟಿಯನ್ನು ಫೋನಿನಿಂದ ನೋಡಿದರೆ ಇನ್ನೂ ಒಳ್ಳೆಯದು. ನಗಬೇಡಿ, ಎಷ್ಟೋ ಸಲ ಅಲ್ಲೇ ಇರುತ್ತದೆ.

ಕೇಬಲ್, ಪೋರ್ಟ್, ಪವರ್

ಖರ್ಚಿಲ್ಲದ ತಪಾಸಣೆ ಇದು. ಎಕ್ಸ್‌ಟರ್ನಲ್ ಡಿಸ್ಕ್ ಆದರೆ ಹಬ್ ಬಿಟ್ಟು ನೇರವಾಗಿ ಕಂಪ್ಯೂಟರಿಗೆ ಹಾಕಿ, ಡೆಸ್ಕ್‌ಟಾಪ್ ಆದರೆ ಹಿಂದಿನ ಪೋರ್ಟಿಗೆ. ಕೇಬಲ್ ಬದಲಿಸಿ. ಸಾಕಷ್ಟು ಕರೆಂಟ್ ಸಿಗದಿದ್ದರೂ ಸಣ್ಣ ಡಿಸ್ಕುಗಳು ತಿರುಗಲು ಹೋಗಿ ನಿಲ್ಲುತ್ತವೆ, ಟಿಕ್ ಟಿಕ್ ಅನ್ನುತ್ತವೆ, ಮಾಯವಾಗಿ ಮತ್ತೆ ಬರುತ್ತವೆ.

ಆಮೇಲೆ ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟಪ್ ಪರದೆ) ಅಥವಾ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡಿಸ್ಕಿನ ಮಾಡೆಲ್ ಹೆಸರು ಮತ್ತು ಗಾತ್ರ ಸರಿಯಾಗಿ ಬರುತ್ತಿದೆಯಾ ನೋಡಿ. ಎರಡೂ ಸರಿ ಇದ್ದರೆ ಸಾಫ್ಟ್‌ವೇರಿಗೆ ಕೆಲಸ ಇದೆ. ಗಾತ್ರ ಸೊನ್ನೆ ತೋರಿಸಿದರೆ, ಮಾಡೆಲ್ ಹೆಸರಿನ ಬದಲು ಏನೋ ಅರ್ಥವಿಲ್ಲದ ಅಕ್ಷರ ಬಂದರೆ, ಅಥವಾ ಕೇಬಲ್, ಪವರ್ ಎಲ್ಲ ಬದಲಿಸಿದರೂ ಡಿಸ್ಕೇ ಕಾಣದಿದ್ದರೆ ತೊಂದರೆ ಬಹುಶಃ ಡಿಸ್ಕಿನ ಒಳಗಿನ ಫರ್ಮ್‌ವೇರ್ (ಡಿಸ್ಕನ್ನು ನಡೆಸುವ ಪ್ರೋಗ್ರಾಮ್) ಅಥವಾ ಬೋರ್ಡಿನಲ್ಲಿದೆ. ಅಲ್ಲಿಗೆ ಯಾವ ಸಾಫ್ಟ್‌ವೇರೂ ತಲುಪುವುದಿಲ್ಲ.

ಎಕ್ಸ್‌ಟರ್ನಲ್ ಡಬ್ಬಿ ಒಡೆದು ಒಳಗಿನ ಡಿಸ್ಕನ್ನು ನೇರವಾಗಿ ಜೋಡಿಸುವ ಯೋಚನೆ ಇದ್ದರೆ ಒಂದು ವಿಷಯ ಗೊತ್ತಿರಲಿ. ಕೆಲವು ಎಕ್ಸ್‌ಟರ್ನಲ್ ಡ್ರೈವುಗಳು, ನೀವು ಪಾಸ್‌ವರ್ಡ್ ಹಾಕದಿದ್ದರೂ, ಡಬ್ಬಿಯ ಯುಎಸ್‌ಬಿ ಬೋರ್ಡಿನಲ್ಲೇ ಎಲ್ಲವನ್ನೂ ಎನ್‌ಕ್ರಿಪ್ಟ್ ಮಾಡಿ ಇಡುತ್ತವೆ. ಹೊರತೆಗೆದರೆ ಬರೀ ಕಸ ಕಾಣುತ್ತದೆ. ಹಳೆಯ ಬೋರ್ಡನ್ನು ಎಸೆಯಬೇಡಿ.

ಸ್ಮಾರ್ಟ್ ಅಂಕಿ ಓದುವುದು

ಡಿಸ್ಕ್ ಕಾಣುತ್ತಿದೆ ಅಂದರೆ ಮುಂದಿನ ಹೆಜ್ಜೆ ಇದು, ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಡಿಸ್ಕುಗಳು ತಮ್ಮ ಆರೋಗ್ಯದ ಲೆಕ್ಕವನ್ನು ತಾವೇ ಇಟ್ಟುಕೊಳ್ಳುತ್ತವೆ, ಅದಕ್ಕೆ ಸ್ಮಾರ್ಟ್ ಅನ್ನುತ್ತಾರೆ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್‌ಫೋ ಸಾಕು, ಉಚಿತ. ಲಿನಕ್ಸ್‌ನಲ್ಲಿ ಸ್ಮಾರ್ಟ್‌ಸಿಟಿಎಲ್, ಅಥವಾ ಅದರ ಮೇಲೆ ಕಿಟಕಿ ಹೊದಿಸಿದ ಜಿಸ್ಮಾರ್ಟ್‌ಕಂಟ್ರೋಲ್. ಇವು ಡಿಸ್ಕಿನ ಮೇಲ್ಮೈಯನ್ನು ಓದಲು ಹೋಗುವುದಿಲ್ಲ, ಇರುವ ಲೆಕ್ಕ ಕೇಳುತ್ತವೆ ಅಷ್ಟೇ, ಹಾಗಾಗಿ ಸಾಯುತ್ತಿರುವ ಡಿಸ್ಕಿಗೂ ಹೊರೆಯಾಗುವುದಿಲ್ಲ.

ಕ್ರಿಸ್ಟಲ್‌ಡಿಸ್ಕ್‌ಇನ್‌ಫೋ ತೆರೆದರೆ ದೊಡ್ಡದಾಗಿ ನೀಲಿ ‘ಗುಡ್’, ಹಳದಿ ‘ಕಾಷನ್’ ಅಥವಾ ಕೆಂಪು ‘ಬ್ಯಾಡ್’ ಕಾಣುತ್ತದೆ. ಅದನ್ನು ನೋಡಿ ನಿಲ್ಲಿಸಬೇಡಿ. ಕೆಳಗಿನ ಪಟ್ಟಿಗೆ ಬನ್ನಿ. ಹಾರ್ಡ್‌ಡಿಸ್ಕಿಗೆ ಮುಖ್ಯವಾದದ್ದು ನಾಲ್ಕು ಸಾಲು. 05 ಅಂದರೆ ಕೆಟ್ಟ ಸೆಕ್ಟರ್ (ಡಿಸ್ಕಿನ ಒಂದು ಪುಟ್ಟ ತುಂಡು ಜಾಗ) ಬಿಟ್ಟು ಬದಲಿ ಸೆಕ್ಟರ್ ಕೊಟ್ಟದ್ದರ ಎಣಿಕೆ. ಸಿ5 ಅಂದರೆ ಓದಲು ಆಗದೆ ಅನುಮಾನದಲ್ಲಿ ಇಟ್ಟ ಸೆಕ್ಟರುಗಳು. ಸಿ6, ಡಿಸ್ಕ್ ತಾನೇ ತಪಾಸಣೆ ಮಾಡಿದಾಗ ಸರಿಪಡಿಸಲು ಆಗದೇ ಹೋದವು. ಸಿ7 ಕೇಬಲ್ಲಿನ ಮೇಲೆ ಆದ ತಪ್ಪುಗಳು. ಬೇರೆ ಪ್ರೋಗ್ರಾಮುಗಳಲ್ಲಿ ಇದೇ ಸಾಲುಗಳು 5, 197, 198, 199 ಅಂತ ಬರುತ್ತವೆ, ಗಾಬರಿ ಬೇಡ.

ಕೊನೆಯ ಕಾಲಮ್ಮಿನಲ್ಲಿರುವ ರಾ ವ್ಯಾಲ್ಯೂ ಓದಬೇಕು. ಅಲ್ಲೊಂದು ಎಡವಟ್ಟಿದೆ: ಈ ಪ್ರೋಗ್ರಾಮ್ ಅದನ್ನು ಹೆಕ್ಸ್‌ನಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ, ತೋರಿಸುತ್ತದೆ. ಸಿ5 ಮುಂದೆ 000000000018 ಅಂತ ಇದ್ದರೆ ಅದು 18 ಅಲ್ಲ, 24. ಫಂಕ್ಷನ್ ಮೆನುವಿನ ಅಡ್ವಾನ್ಸ್ಡ್ ಫೀಚರ್ ಒಳಗೆ ರಾ ವ್ಯಾಲ್ಯೂಸ್ ಅಂತ ಇದೆ, ಅಲ್ಲಿ ದಶಮಾಂಶಕ್ಕೆ ಬದಲಿಸಿಕೊಳ್ಳಿ. ಇನ್ನು 01ನೇ ಸಾಲಿನಲ್ಲಿ ದೊಡ್ಡ ಸಂಖ್ಯೆ ಕಂಡು ಹೆದರಬೇಡಿ, ಸೀಗೇಟ್ ಡಿಸ್ಕುಗಳಲ್ಲಿ ಅದು ಹಾಗೇ ಇರುತ್ತದೆ.

ಅಂಕಿ ನೋಡಿ ತೀರ್ಮಾನ ಹೀಗೆ. ಸಿ7 ಮಾತ್ರ ಏರಿದೆ, ಉಳಿದವು ಸೊನ್ನೆ: ಕೇಬಲ್ ಬದಲಿಸಿ, ಡಿಸ್ಕ್ ಬಹುಶಃ ಚೆನ್ನಾಗಿದೆ. ಆ ಎಣಿಕೆ ಕೆಳಗಿಳಿಯುವುದಿಲ್ಲ, ಹೊಸ ಕೇಬಲ್ ಹಾಕಿದ ಮೇಲೆ ಮುಂದೆ ಏರದಿದ್ದರೆ ಸಾಕು. 05 ಒಂದಷ್ಟು ಇದ್ದು ತಿಂಗಳುಗಟ್ಟಲೆ ಅಲ್ಲೇ ನಿಂತಿದ್ದರೆ ಡಿಸ್ಕಿನ ಮೇಲೆ ಕಣ್ಣಿಡಿ. ಸಿ5 ಅಥವಾ ಸಿ6 ಸೊನ್ನೆಗಿಂತ ಜಾಸ್ತಿ ಇದ್ದರೆ ಓದಲಾಗದ ಜಾಗ ಈಗಲೇ ಇದೆ ಅಂತ ಅರ್ಥ. ದಿನದಿಂದ ದಿನಕ್ಕೆ ಏರುತ್ತಿದ್ದರಂತೂ ಬೇರೆ ಯಾವ ಪ್ರಯೋಗವೂ ಬೇಡ, ನೇರವಾಗಿ ನಕಲು ತೆಗೆಯುವ ಭಾಗಕ್ಕೆ ಹೋಗಿ.

ಎನ್‌ವಿಎಂಇ ಎಸ್‌ಎಸ್‌ಡಿಯಲ್ಲಿ (ತಿರುಗುವ ಪ್ಲೇಟ್ ಇಲ್ಲದ, ಚಿಪ್ಪಿನ ವೇಗದ ಡ್ರೈವ್) ಸಾಲುಗಳೇ ಬೇರೆ. ಅಲ್ಲಿ ‘ಮೀಡಿಯಾ ಅಂಡ್ ಡೇಟಾ ಇಂಟೆಗ್ರಿಟಿ ಎರರ್ಸ್’ ಸೊನ್ನೆ ಇರಬೇಕು, ‘ಅವೈಲಬಲ್ ಸ್ಪೇರ್’ ತನ್ನ ಮಿತಿಗಿಂತ ಮೇಲಿರಬೇಕು. ‘ಪರ್ಸೆಂಟೇಜ್ ಯೂಸ್ಡ್’ 100 ದಾಟಿದರೂ ಡ್ರೈವ್ ಕೂಡಲೇ ಸಾಯುವುದಿಲ್ಲ, ಕಂಪನಿ ಅಂದಾಜು ಮಾಡಿದ ಬಾಳಿಕೆ ಮುಗಿಯಿತು ಅಷ್ಟೇ.

ಎಲ್ಲ ಸೊನ್ನೆ ಇದ್ದರೆ ಡಿಸ್ಕ್ ಗಟ್ಟಿ ಅಂತಲಾ? ಹಾಗೂ ಇಲ್ಲ. ಗೂಗಲ್‌ನ ಎಂಜಿನಿಯರುಗಳು ಒಂದು ಲಕ್ಷಕ್ಕೂ ಜಾಸ್ತಿ ಹಾರ್ಡ್‌ಡಿಸ್ಕುಗಳ ಮೇಲೆ ನಡೆಸಿದ ಅಧ್ಯಯನ 2007ರಲ್ಲಿ ಹೊರಬಂತು. ಮೊದಲ ಸ್ಕ್ಯಾನ್ ಎರರ್ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ, ಎರರ್ ಇಲ್ಲದ ಡಿಸ್ಕಿಗಿಂತ 39 ಪಟ್ಟು ಜಾಸ್ತಿ ಅಂತ ಅದರಲ್ಲಿ ಕಂಡುಬಂತು. ಆದರೆ ಕೆಟ್ಟುಹೋದ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಡಿಸ್ಕುಗಳು ಮುಖ್ಯವಾದ ನಾಲ್ಕು ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ತೋರಿಸದೆಯೇ ಕೆಟ್ಟಿದ್ದವು. ಕೆಂಪು ಬಂದರೆ ನಂಬಿ, ನೀಲಿ ಬಂದರೆ ಪೂರ್ತಿ ನಂಬಬೇಡಿ.

ಅದಕ್ಕೇ ವಿಂಡೋಸ್‌ನ ಈವೆಂಟ್ ವ್ಯೂವರ್ ಕೂಡ ನೋಡಿ. ಸಿಸ್ಟಮ್ ಲಾಗ್‌ನಲ್ಲಿ ಡಿಸ್ಕ್ ಎಂಬ ಮೂಲದಿಂದ 7ನೇ ಸಂಖ್ಯೆಯ ದಾಖಲೆ ಇದ್ದರೆ ಕೆಟ್ಟ ಬ್ಲಾಕ್. 153 ಇದ್ದರೆ ಓದುವ ಬರೆಯುವ ಕೆಲಸವನ್ನು ಮತ್ತೆ ಮತ್ತೆ ಮಾಡಬೇಕಾಗಿ ಬಂದಿದೆ. ಎನ್‌ಟಿಎಫ್‌ಎಸ್ (ವಿಂಡೋಸ್ ಬಳಸುವ ಫೈಲ್ ಸಿಸ್ಟಮ್) ಕಡೆಯಿಂದ 55 ಮಾತ್ರ ಇದ್ದು 7, 153 ಎರಡೂ ಇಲ್ಲದಿದ್ದರೆ ಡಿಸ್ಕಿಗಿಂತ ಫೈಲ್ ಸಿಸ್ಟಮ್ ಮೇಲೆಯೇ ಅನುಮಾನ ಜಾಸ್ತಿ.

ಡಿಸ್ಕೇ ಸಾಯುತ್ತಿದ್ದರೆ: ನಕಲು, ಬೇರೆ ಏನೂ ಅಲ್ಲ

ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಬೇಕು, ಕಾಪಿ ಮಾಡುವಾಗ ವೇಗ ಸೊನ್ನೆಗೆ ಇಳಿದು ನಿಲ್ಲುತ್ತದೆ, ಸಿ5 ಏರಿದೆ. ಇಂಥ ಡಿಸ್ಕಿನ ಮೇಲೆ ಪೂರ್ತಿ ಸರ್ಫೇಸ್ ಸ್ಕ್ಯಾನ್ ಮಾಡಬೇಡಿ. ಚೆಕ್‌ಡಿಸ್ಕ್‌ಗೆ ಸ್ಲ್ಯಾಶ್ ಆರ್ ಸೇರಿಸಿ ಓಡಿಸಲೇಬೇಡಿ. ಅದು ಪ್ರತಿ ಸೆಕ್ಟರನ್ನೂ ಓದಲು ಹೋಗಿ, ಓದಲಾಗದ ಕಡೆ ಹಟ ಹಿಡಿದು ಕೂತು, ಜೊತೆಗೆ ಫೈಲ್ ಸಿಸ್ಟಮ್ಮನ್ನೂ ತಿದ್ದುತ್ತದೆ. ಡಿಸ್ಕಿಗೆ ಉಳಿದಿರುವ ಕೆಲವೇ ಗಂಟೆಗಳ ಆಯುಸ್ಸು ಅದರಲ್ಲೇ ಕಳೆದುಹೋಗಬಹುದು. ರಿಕವರಿ ಸಾಫ್ಟ್‌ವೇರ್‌ನ ಡೀಪ್ ಸ್ಕ್ಯಾನೂ ಅಷ್ಟೇ, ನೇರವಾಗಿ ಕೆಟ್ಟ ಡಿಸ್ಕಿನ ಮೇಲೆ ಬೇಡ.

ಇಲ್ಲಿ ಬೇಕಾದದ್ದು ಗ್ನು ಡಿಡಿರೆಸ್ಕ್ಯೂ. ಉಚಿತ, ಲಿನಕ್ಸ್ ಟರ್ಮಿನಲ್‌ನಲ್ಲಿ ಓಡುತ್ತದೆ, ಉಬುಂಟುವಿನಲ್ಲಿ ಜಿಡಿಡಿರೆಸ್ಕ್ಯೂ ಎಂಬ ಪ್ಯಾಕೇಜ್ ಹೆಸರಿನಲ್ಲಿ ಸಿಗುತ್ತದೆ. ಹೆಸರು ಹತ್ತಿರ ಇದ್ದರೂ ಬರೀ ಡಿಡಿ ಬೇರೆ, ಅದು ಮೊದಲ ಓದಲಾಗದ ಸೆಕ್ಟರಿಗೇ ನಿಂತುಬಿಡುತ್ತದೆ. ಡಿಡಿರೆಸ್ಕ್ಯೂ ಜಾಣ. ಸುಲಭವಾಗಿ ಓದಲಾಗುವುದನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ, ಕಷ್ಟ ಬಂದ ಕಡೆ ಹಾರಿ ಮುಂದೆ ಹೋಗುತ್ತದೆ, ಕೊನೆಗೆ ಉಳಿದ ಚೂರುಗಳಿಗೆ ವಾಪಸ್ ಬರುತ್ತದೆ. ಎಲ್ಲಿ ಓದಿದೆ, ಎಲ್ಲಿ ಬಿಟ್ಟಿದೆ ಎಂಬುದನ್ನೆಲ್ಲ ಮ್ಯಾಪ್‌ಫೈಲ್‌ನಲ್ಲಿ ಬರೆದುಕೊಳ್ಳುತ್ತದೆ. ಈ ಮ್ಯಾಪ್‌ಫೈಲ್ ಹೆಸರು ಕೊಡುವುದನ್ನು ಮರೆಯಬೇಡಿ. ಅದಿದ್ದರೆ ಡಿಸ್ಕ್ ಬಿಸಿಯಾಗಿ ಮಾಯವಾದರೂ, ಕರೆಂಟ್ ಹೋದರೂ, ನೀವೇ ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿದರೂ, ಅದೇ ಆದೇಶ ಮತ್ತೆ ಕೊಟ್ಟರೆ ಬಿಟ್ಟಲ್ಲಿಂದ ಶುರು ಮಾಡುತ್ತದೆ.

ಎರಡು ಸುತ್ತಿನಲ್ಲಿ ಮಾಡಿ. ಮೊದಲ ಸುತ್ತಿಗೆ ಮೈನಸ್ ಎನ್ ಸೇರಿಸಿದರೆ ಕೆರೆದು ಕೆರೆದು ಓದುವ ಹಂತವನ್ನು ಬಿಟ್ಟುಬಿಡುತ್ತದೆ. ಎರಡನೇ ಸುತ್ತಿಗೆ ಮೈನಸ್ ಎನ್ ತೆಗೆದು, ಮೈನಸ್ ಡಿ ಮತ್ತು ಮೈನಸ್ ಆರ್3 ಕೊಟ್ಟರೆ ಉಳಿದ ಕೆಟ್ಟ ಜಾಗಗಳನ್ನು ಮತ್ತೆ ಮೂರು ಸಲ ಪ್ರಯತ್ನಿಸುತ್ತದೆ. ಓಡುವಾಗ ಪರದೆಯ ಮೇಲೆ ‘ರೆಸ್ಕ್ಯೂಡ್’, ‘ರೀಡ್ ಎರರ್ಸ್’, ‘ಕರೆಂಟ್ ರೇಟ್’ ಕಾಣುತ್ತಿರುತ್ತದೆ. ಆರೋಗ್ಯವಾದ 1 ಟಿಬಿ ಡಿಸ್ಕ್ ಸೆಕೆಂಡಿಗೆ 100 ಎಂಬಿ ಕೊಟ್ಟರೆ ಮೂರು ಗಂಟೆಯ ಒಳಗೆ ಮುಗಿಯುತ್ತದೆ. ಕೆಟ್ಟ ಡಿಸ್ಕಿನಲ್ಲಿ ವೇಗ ಕೆಲವು ಕೆಬಿಗೆ ಇಳಿದು, ದಿನಗಟ್ಟಲೆ ಹಿಡಿಯಬಹುದು. ಬಿಡಿ, ಓಡಲಿ.

ಒಂದೇ ಒಂದು ಅಪಾಯ: ಯಾವುದರಿಂದ ಯಾವುದಕ್ಕೆ ಎಂಬುದು ಅದಲುಬದಲಾದರೆ ಖಾಲಿ ಡಿಸ್ಕ್ ಬಂದು ನಿಮ್ಮ ಡೇಟಾದ ಮೇಲೆ ಕೂರುತ್ತದೆ. ಲಿನಕ್ಸ್ ಡಿಸ್ಕುಗಳಿಗೆ ಕೊಡುವ ಹೆಸರು ಪ್ರತಿ ಬೂಟ್‌ಗೂ ಬದಲಾಗಬಹುದು, ಹಾಗಾಗಿ ಮಾಡೆಲ್ ಮತ್ತು ಸೀರಿಯಲ್ ನಂಬರ್ ಓದಿಯೇ ಆದೇಶ ಕೊಡಿ. ನಕಲನ್ನು ಇಮೇಜ್ ಫೈಲಾಗಿ (ಇಡೀ ಡಿಸ್ಕಿನ ನಕಲು ಇರುವ ಒಂದೇ ಫೈಲು) ತೆಗೆಯುವುದು ಇನ್ನೂ ಸುರಕ್ಷಿತ. ಜಾಗ ಮೂಲ ಡಿಸ್ಕಿನ ಪೂರ್ತಿ ಗಾತ್ರದಷ್ಟು ಇರಲಿ, ಮತ್ತು ಆ ಡ್ರೈವ್ ಫ್ಯಾಟ್32 ಎಂಬ ಹಳೆಯ ಫೈಲ್ ಸಿಸ್ಟಮ್ಮಿನದು ಆಗಿರಬಾರದು, ಅದು 4 ಜಿಬಿಗಿಂತ ದೊಡ್ಡ ಫೈಲನ್ನು ಒಪ್ಪುವುದಿಲ್ಲ.

ಟರ್ಮಿನಲ್ ಅಂದರೆ ಆಗದು ಅನ್ನುವವರಿಗೆ ಡಿಎಂಡಿಇ, ಆರ್-ಸ್ಟುಡಿಯೋ ಎಂಬ ರಿಕವರಿ ಸಾಫ್ಟ್‌ವೇರ್ ಎರಡರಲ್ಲೂ ಇಮೇಜ್ ತೆಗೆಯುವ ಸೌಲಭ್ಯ ಇದೆ. ಜಾಸ್ತಿ ಕೆಟ್ಟಿಲ್ಲದ ಡಿಸ್ಕಿಗೆ ಅದು ಸಾಕು.

ಕೇಬಲ್, ಪವರ್ ಸರಿಯಿದ್ದೂ ಡಿಸ್ಕ್ ಟಕ್ ಟಕ್ ಅಂತ ಒಂದೇ ತಾಳದಲ್ಲಿ ಸದ್ದು ಮಾಡುತ್ತಿದ್ದರೆ, ಉಜ್ಜಿದ ಹಾಗೆ ಕೇಳಿಸಿದರೆ, ಅಥವಾ ಕೆಳಗೆ ಬಿದ್ದ ಡಿಸ್ಕ್ ಆಗಿದ್ದರೆ ಡಿಡಿರೆಸ್ಕ್ಯೂ ಕೂಡ ಬೇಡ. ಓದುವ ಹೆಡ್ ಕೆಟ್ಟಿರುವಾಗ ಡೇಟಾ ಇರುವ ಪ್ಲೇಟ್ ತಿರುಗಿದಷ್ಟೂ ಗೀರು ಬೀಳುತ್ತದೆ. ಪವರ್ ತೆಗೆಯಿರಿ. ಡೇಟಾ ಅಷ್ಟು ಮುಖ್ಯವಾಗಿದ್ದರೆ ಕ್ಲೀನ್ ರೂಮ್ (ಧೂಳಿಲ್ಲದ ಕೋಣೆ) ಇರುವ ರಿಕವರಿ ಲ್ಯಾಬಿಗೆ ಕೊಡಿ. ಫ್ರೀಜರಿನಲ್ಲಿ ಇಡುವ ಸಲಹೆ ಇನ್ನೂ ಓಡಾಡುತ್ತಿದೆ, ಹೊರತೆಗೆದಾಗ ಒಳಗೆ ತೇವ ಕೂರುತ್ತದೆ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಡಿಸ್ಕ್ ಗಟ್ಟಿಯಾಗಿದೆ, ಡೇಟಾ ಕಾಣುತ್ತಿಲ್ಲ

ಇಲ್ಲಿ ಸಾಫ್ಟ್‌ವೇರ್ ಆಯ್ಕೆಗೆ ನಿಜವಾದ ಅರ್ಥ ಬರುತ್ತದೆ. ಆದರೆ ಮೊದಲು ಒಂದು ಪ್ರಶ್ನೆ: ಹಾರ್ಡ್‌ಡಿಸ್ಕೋ, ಎಸ್‌ಎಸ್‌ಡಿಯೋ?

ಹಾರ್ಡ್‌ಡಿಸ್ಕಿನಲ್ಲಿ ಫೈಲ್ ಡಿಲೀಟ್ ಮಾಡಿದರೆ ಡೇಟಾ ಅಲ್ಲೇ ಇರುತ್ತದೆ. ಎನ್‌ಟಿಎಫ್‌ಎಸ್‌ನಲ್ಲಿ ಆ ಫೈಲಿನ ದಾಖಲೆ ಖಾಲಿ ಅಂತ ಗುರುತು ಬೀಳುತ್ತದೆ, ಜಾಗ ಬೇರೆಯವರಿಗೆ ಬಿಟ್ಟುಕೊಟ್ಟಿದೆ ಅಂತ ಬರೆದುಕೊಳ್ಳುತ್ತದೆ, ಅಷ್ಟೇ. ಫ್ಯಾಟ್‌ನಲ್ಲಿ ಫೈಲಿನ ಚಿಕ್ಕ ಹೆಸರಿನ ಮೊದಲ ಅಕ್ಷರದ ಜಾಗಕ್ಕೆ ಒಂದು ಗುರುತು ಕೂರುತ್ತದೆ. ಹಳೆಯ ಮೆಮೊರಿ ಕಾರ್ಡಿನಿಂದ ವಾಪಸ್ ಬಂದ ಫೋಟೊಗಳ ಹೆಸರಿನಲ್ಲಿ ಮೊದಲ ಅಕ್ಷರ ಇಲ್ಲದೆ ಅಡಿಗೆರೆಯೋ ಪ್ರಶ್ನೆ ಚಿಹ್ನೆಯೋ ಇರುತ್ತದಲ್ಲ, ಕಾರಣ ಅದೇ.

ಎಸ್‌ಎಸ್‌ಡಿಯ ಕಥೆ ಬೇರೆ. ವಿಂಡೋಸ್ 7 ಕಾಲದಿಂದಲೂ ಟ್ರಿಮ್ ಎಂಬ ಆದೇಶ ಇದೆ. ಫೈಲ್ ಡಿಲೀಟ್ ಆದರೆ ಈ ಜಾಗ ಇನ್ನು ಬೇಡ ಅಂತ ವಿಂಡೋಸ್ ಡ್ರೈವಿಗೇ ಹೇಳಿಬಿಡುತ್ತದೆ. ಆಮೇಲೆ ಆ ಜಾಗ ಓದಿದರೆ ಸಾಮಾನ್ಯವಾಗಿ ಬರೀ ಸೊನ್ನೆಗಳೇ ಬರುತ್ತವೆ. ಕೆಲವು ಹೊಸ ಎಸ್‌ಎಂಆರ್ (ಡೇಟಾದ ಸಾಲುಗಳನ್ನು ಹೆಂಚಿನ ಹಾಗೆ ಒಂದರ ಮೇಲೊಂದು ಹೊದಿಸಿ ಬರೆಯುವ) ಹಾರ್ಡ್‌ಡಿಸ್ಕುಗಳೂ ಟ್ರಿಮ್ ಒಪ್ಪುತ್ತವೆ. ಪೆನ್‌ಡ್ರೈವ್, ಮೆಮೊರಿ ಕಾರ್ಡುಗಳಿಗೆ ಸಾಮಾನ್ಯವಾಗಿ ಟ್ರಿಮ್ ಹೋಗುವುದಿಲ್ಲ, ಹಾಗಾಗಿ ಅಲ್ಲಿ ಆಸೆ ಇದೆ.

ಹಣ ಕೊಡುವ ಮೊದಲು ಇದನ್ನು ನೀವೇ ಪರೀಕ್ಷಿಸಬಹುದು. ರಿಕವರಿ ಸಾಫ್ಟ್‌ವೇರ್ ಫೈಲಿನ ಹೆಸರು, ಗಾತ್ರ, ದಿನಾಂಕ ಎಲ್ಲ ಸರಿಯಾಗಿ ತೋರಿಸಿ, ಪಕ್ಕದಲ್ಲಿ ಹಸಿರು ಚುಕ್ಕೆಯನ್ನೂ ಹಾಕಬಹುದು. ಅದು ದಾಖಲೆ ಮಾತ್ರ. ಹೆಕ್ಸ್ ವ್ಯೂ ತೆರೆದು ಒಳಗೆ ನೋಡಿ. ಜೆಪೆಗ್ ಫೋಟೊ ಆದರೆ ಎಫ್‌ಎಫ್ ಡಿ8 ಎಫ್‌ಎಫ್ ಅಂತ ಶುರುವಾಗಬೇಕು. ವರ್ಡ್, ಎಕ್ಸೆಲ್‌ನ ಹೊಸ ಫೈಲುಗಳು ಜಿಪ್ ಫೈಲಿನ ಹಾಗೆ ಪಿಕೆ ಎಂಬ ಎರಡಕ್ಷರದಿಂದ ಶುರುವಾಗುತ್ತವೆ. ಪಿಡಿಎಫ್ ಆದರೆ ಶೇಕಡಾ ಚಿಹ್ನೆ, ಪಕ್ಕದಲ್ಲೇ ಪಿಡಿಎಫ್. ಅದರ ಬದಲು ಮೇಲಿಂದ ಕೆಳಗೆ ಸಾಲು ಸಾಲಾಗಿ 00 00 00 ಕಂಡರೆ ಅಲ್ಲಿ ಏನೂ ಇಲ್ಲ. ಇನ್ನೊಂದು ದುಬಾರಿ ಸಾಫ್ಟ್‌ವೇರ್ ಕೊಂಡರೂ ಅದೇ ಸೊನ್ನೆಗಳನ್ನೇ ಓದುತ್ತದೆ.

ಈಗ ಒಂದೊಂದೇ ಸಂದರ್ಭ.

ಬರೀ ಡಿಲೀಟ್ ಆಗಿದೆ, ಹಾರ್ಡ್‌ಡಿಸ್ಕ್ ಅಥವಾ ಪೆನ್‌ಡ್ರೈವ್, ಆಮೇಲೆ ಜಾಸ್ತಿ ಬರೆದಿಲ್ಲ. ಇದಕ್ಕೆ ರೆಕುವಾ ಎಂಬ ಉಚಿತ ಟೂಲ್ ಸಾಕು, ಅದರ ಪೋರ್ಟಬಲ್ ಆವೃತ್ತಿಯನ್ನು ಬೇರೆ ಡ್ರೈವಿನಿಂದ ಓಡಿಸಿ. ಮೈಕ್ರೋಸಾಫ್ಟ್ 2020ರಲ್ಲಿ ತಂದ ವಿಂಡೋಸ್ ಫೈಲ್ ರಿಕವರಿ ಕೂಡ ಉಚಿತ, ಆದರೆ ಅದಕ್ಕೆ ಕಿಟಕಿ ಇಲ್ಲ, ಎಲ್ಲವನ್ನೂ ಆದೇಶ ಟೈಪ್ ಮಾಡಿಯೇ ಹೇಳಬೇಕು, ವಿಂಡೋಸ್ 10ರ 2004 ಆವೃತ್ತಿ ಅಥವಾ ಅದಕ್ಕಿಂತ ಹೊಸದು ಬೇಕು. ಒಂದು ಒಳ್ಳೆಯ ಗುಣ: ಮೂಲ ಡ್ರೈವಿಗೇ ವಾಪಸ್ ಬರೆಯಲು ಅದು ಒಪ್ಪುವುದಿಲ್ಲ.

ಡ್ರೈವ್ ರಾ (ವಿಂಡೋಸ್‌ಗೆ ಫೈಲ್ ಸಿಸ್ಟಮ್ ಗುರುತು ಸಿಗುತ್ತಿಲ್ಲ) ಅಂತ ತೋರಿಸುತ್ತಿದೆ, ಫಾರ್ಮ್ಯಾಟ್ ಕೇಳುತ್ತಿದೆ. ಚೆಕ್‌ಡಿಸ್ಕ್ ಇಲ್ಲಿ ಹೇಗೂ ಓಡುವುದಿಲ್ಲ, ರಾ ಡ್ರೈವಿಗೆ ಆಗುವುದಿಲ್ಲ ಅಂತ ತಾನೇ ಹೇಳುತ್ತದೆ. ಬೂಟ್ ಸೆಕ್ಟರ್ (ಫೈಲ್ ಸಿಸ್ಟಮ್ಮಿನ ವಿವರ ಇರುವ ಮೊದಲ ಸೆಕ್ಟರ್) ಹಾಳಾಗಿದ್ದರೂ ಹೀಗಾಗುತ್ತದೆ, ಮತ್ತು ಎನ್‌ಟಿಎಫ್‌ಎಸ್ ತನ್ನ ಬೂಟ್ ಸೆಕ್ಟರಿನ ಇನ್ನೊಂದು ಪ್ರತಿಯನ್ನು ಪಾರ್ಟಿಷನ್ನಿನ (ಡಿಸ್ಕನ್ನು ಪಾಲು ಮಾಡಿದ ಒಂದು ಭಾಗ) ಕೊನೆಯಲ್ಲಿ ಇಟ್ಟಿರುತ್ತದೆ. ಟೆಸ್ಟ್‌ಡಿಸ್ಕ್ ಎಂಬ ಟೂಲ್ ಅದನ್ನು ವಾಪಸ್ ತಂದು ಹಾಕಬಲ್ಲದು. ಪಾರ್ಟಿಷನ್ನೇ ಮಾಯವಾಗಿದ್ದರೂ ಟೆಸ್ಟ್‌ಡಿಸ್ಕೇ ಸರಿ. ಹಳೆಯ ಕಪ್ಪು ಪರದೆ, ಮೌಸ್ ಇಲ್ಲ, ಬಾಣದ ಕೀಗಳಲ್ಲೇ ಓಡಾಡಬೇಕು. ಮೊದಲ ಸಲ ನೋಡಿದವರು ಹೆದರುತ್ತಾರೆ, ಹೆದರುವಂಥದ್ದೇನಿಲ್ಲ. ಅನಲೈಸ್, ಆಮೇಲೆ ಕ್ವಿಕ್ ಸರ್ಚ್. ಸಿಕ್ಕ ಪಾರ್ಟಿಷನ್ ಮೇಲೆ ನಿಂತು ಪಿ ಒತ್ತಿದರೆ ಒಳಗಿನ ಫೈಲುಗಳ ಪಟ್ಟಿ ಬರುತ್ತದೆ. ನಿಮ್ಮ ಫೋಲ್ಡರುಗಳ ಹೆಸರು ಅಲ್ಲಿ ಕಂಡವಾ? ಹಾಗಾದರೆ ಪಾರ್ಟಿಷನ್ ಸರಿಯಾದದ್ದು. ಅಲ್ಲಿಂದಲೇ ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಲೂ ಬಹುದು, ಹಾಗೆ ಮಾಡಿದರೆ ಕೆಟ್ಟ ಡಿಸ್ಕಿಗೆ ಒಂದಕ್ಷರವೂ ಬರೆದಂತಾಗುವುದಿಲ್ಲ. ಪಟ್ಟಿ ಕಾಣದೆ ರೈಟ್ ಮಾತ್ರ ಒತ್ತಬೇಡಿ, ಅದು ನಿಜವಾಗಿಯೂ ಡಿಸ್ಕಿಗೆ ಬರೆಯುತ್ತದೆ.

ರಾ ಅಂತ ಬಂದದ್ದೆಲ್ಲ ದೋಷವೂ ಅಲ್ಲ. ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ಫಾರ್ಮ್ಯಾಟ್ ಆದ ಡಿಸ್ಕನ್ನು ವಿಂಡೋಸ್‌ಗೆ ಹಾಕಿದರೆ ಅದಕ್ಕೆ ಗುರುತು ಸಿಗುವುದಿಲ್ಲ, ಫಾರ್ಮ್ಯಾಟ್ ಮಾಡು ಅನ್ನುತ್ತದೆ. ಬಿಟ್‌ಲಾಕರ್ (ವಿಂಡೋಸ್‌ನ ಎನ್‌ಕ್ರಿಪ್ಷನ್) ಹಾಕಿದ ಡ್ರೈವ್ ಆಗಿದ್ದರೆ 48 ಅಂಕಿಗಳ ರಿಕವರಿ ಕೀ ಬೇಕು, ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರಬಹುದು. ಹೊಸ ಲ್ಯಾಪ್‌ಟಾಪುಗಳಲ್ಲಿ ಬಳಸುವವರಿಗೆ ಗೊತ್ತೇ ಇಲ್ಲದೆ ಎನ್‌ಕ್ರಿಪ್ಷನ್ ಆನ್ ಆಗಿರುವುದುಂಟು. ಕೀ ಇಲ್ಲದಿದ್ದರೆ ಯಾವ ಸಾಫ್ಟ್‌ವೇರೂ ತೆರೆಯಲಾರದು. ತೆರೆಯುತ್ತೇನೆ ಅಂದವನು ಹಣಕ್ಕೆ ಹೇಳುತ್ತಿದ್ದಾನೆ.

ಕ್ವಿಕ್ ಫಾರ್ಮ್ಯಾಟ್ ಆಗಿದೆ, ಅಥವಾ ಫೈಲ್ ಸಿಸ್ಟಮ್ ತುಂಬಾ ಹಾಳಾಗಿದೆ. ಇದಕ್ಕೆ ನನ್ನ ಮೊದಲ ಆಯ್ಕೆ ಡಿಎಂಡಿಇ. ನೋಡಲು ಚೆಂದವಿಲ್ಲ, ಆದರೆ ಹಳೆಯ ಫೋಲ್ಡರ್ ರಚನೆಯನ್ನೇ ಹುಡುಕಿ ತೆಗೆಯುತ್ತದೆ. ಉಚಿತ ಆವೃತ್ತಿಯಲ್ಲಿ ಒಂದು ಸಲಕ್ಕೆ, ತೆರೆದಿರುವ ಒಂದು ಫೋಲ್ಡರಿನಿಂದ 4000 ಫೈಲುಗಳವರೆಗೆ ತೆಗೆಯಬಹುದು, ಮನೆಯ ಬಳಕೆಗೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಆರ್-ಸ್ಟುಡಿಯೋ ದುಡ್ಡಿನದು, ಜಾಸ್ತಿ ಸೌಲಭ್ಯ. ಲಿನಕ್ಸ್, ಮ್ಯಾಕ್, ಎನ್‌ಎಎಸ್ (ನೆಟ್‌ವರ್ಕಿಗೆ ಜೋಡಿಸುವ ಸ್ಟೋರೇಜ್ ಡಬ್ಬಿ) ಡಿಸ್ಕುಗಳಾದರೆ ಯುಎಫ್‌ಎಸ್ ಎಕ್ಸ್‌ಪ್ಲೋರರ್ ಕೂಡ ನೋಡಿ. ಫುಲ್ ಫಾರ್ಮ್ಯಾಟ್ ಆಗಿದ್ದರೆ ಮಾತ್ರ ಬಿಟ್ಟುಬಿಡಿ, ವಿಂಡೋಸ್ ವಿಸ್ಟಾದಿಂದೀಚೆಗೆ ಅದು ಡಿಸ್ಕಿನ ತುಂಬಾ ಸೊನ್ನೆ ಬರೆಯುತ್ತದೆ.

ಏನೂ ಸಿಗದಿದ್ದಾಗ ಫೋಟೊರೆಕ್. ಟೆಸ್ಟ್‌ಡಿಸ್ಕ್ ಜೊತೆಗೇ ಬರುತ್ತದೆ, ಉಚಿತ, ಹೆಸರಿನಲ್ಲಿ ಫೋಟೊ ಇದ್ದರೂ 480ಕ್ಕೂ ಜಾಸ್ತಿ ಬಗೆಯ ಎಕ್ಸ್‌ಟೆನ್ಷನ್ ಗುರುತಿಸುತ್ತದೆ. ಫೈಲ್ ಸಿಸ್ಟಮ್ಮನ್ನು ಕೇಳುವುದೇ ಇಲ್ಲ, ಮೇಲೆ ಹೇಳಿದ ಎಫ್‌ಎಫ್ ಡಿ8, ಪಿಕೆ ಥರದ ಗುರುತು ಹುಡುಕಿಕೊಂಡು ಡಿಸ್ಕಿನ ಉದ್ದಕ್ಕೂ ಹೋಗುತ್ತದೆ. ಅದಕ್ಕೇ ಹೆಸರು, ಫೋಲ್ಡರ್ ಎರಡೂ ಹೋಗಿ, ಸಾವಿರಾರು ಫೈಲು ಬರೀ ಸಂಖ್ಯೆಗಳ ಹೆಸರಿನಲ್ಲಿ ಸಿಗುತ್ತವೆ. ಡಿಸ್ಕಿನಲ್ಲಿ ಚೂರು ಚೂರಾಗಿ ಹರಡಿದ್ದ ದೊಡ್ಡ ವೀಡಿಯೊಗಳು ಹೀಗೆ ಸರಿಯಾಗಿ ಬರುವುದು ಕಡಿಮೆ. ಮದುವೆಯ ಫೋಟೊ ಬೇಕು, ಹೆಸರು ಏನಾದರೂ ಇರಲಿ ಅನ್ನುವವರಿಗೆ ಇದು ವರ. ಆಫೀಸಿನ ಲೆಕ್ಕದ ಫೈಲುಗಳು ಫೋಲ್ಡರ್ ಸಮೇತ ಬೇಕು ಅನ್ನುವವರಿಗೆ ಇದನ್ನು ಮೊದಲ ಟೂಲ್ ಆಗಿ ಕೊಡಬೇಡಿ.

ಕೊಳ್ಳುವ ಮುಂಚೆ

ಹತ್ತು ಅತ್ಯುತ್ತಮ ಸಾಫ್ಟ್‌ವೇರ್ ಎಂಬ ಪಟ್ಟಿಗಳನ್ನು ಆ ಹತ್ತರಲ್ಲಿ ಮೊದಲನೆಯದನ್ನು ಮಾರುವವರೇ ಬರೆದಿರುವುದು ಹೊಸದಲ್ಲ. ನಾನು ನೋಡುವುದು ಇಷ್ಟು. ಡೆಮೊದಲ್ಲಿ ಪೂರ್ತಿ ಸ್ಕ್ಯಾನ್ ಮಾಡಿ, ಫೈಲಿನ ಒಳಗೆ ಇಣುಕಿ ನೋಡಲು ಬಿಡುತ್ತದಾ? ಇಮೇಜ್ ಫೈಲನ್ನು ತೆರೆಯುತ್ತದಾ? ಸ್ಕ್ಯಾನ್ ಮಾಡಿದ ಫಲಿತಾಂಶ ಉಳಿಸಿಟ್ಟು, ನಾಳೆ ಮತ್ತೆ ಸ್ಕ್ಯಾನ್ ಇಲ್ಲದೆ ಮುಂದುವರಿಯಲು ಆಗುತ್ತದಾ? ನನ್ನ ಫೈಲ್ ಸಿಸ್ಟಮ್ ಅದಕ್ಕೆ ಗೊತ್ತಾ? ಇಷ್ಟಕ್ಕೂ ಹೌದು ಅಂದರೆ, ಮತ್ತು ಇಣುಕಿ ನೋಡಿದಾಗ ಬೇಕಾದ ಫೈಲ್ ನಿಜವಾಗಿ ತೆರೆದರೆ, ಆಗ ದುಡ್ಡು ಕೊಡಿ. ಒಂದು ಚಿಕ್ಕ ಫೋಟೊ ತೆರೆಯಿತು ಅಂತ ನಂಬಬೇಡಿ, ದೊಡ್ಡ ಫೈಲ್ ಒಂದನ್ನೂ ತೆರೆದು ನೋಡಿ.

ಕೆಟ್ಟ ಸೆಕ್ಟರ್ ರಿಪೇರಿ ಮಾಡುತ್ತೇವೆ ಎಂಬ ಜಾಹೀರಾತು ಕಂಡರೆ ಹುಷಾರು. ಪ್ಲೇಟಿನ ಮೇಲೆ ಹಾಳಾದ ಜಾಗವನ್ನು ಸಾಫ್ಟ್‌ವೇರ್ ಸರಿಮಾಡಲಾರದು. ಆ ಸೆಕ್ಟರಿಗೆ ಹೊಸದಾಗಿ ಬರೆದಾಗ ಡಿಸ್ಕಿನ ಫರ್ಮ್‌ವೇರ್ ತಾನೇ ಅದನ್ನು ಪರೀಕ್ಷಿಸಿ, ಸರಿಯಿಲ್ಲದಿದ್ದರೆ ಬದಲಿ ಜಾಗ ಕೊಡುತ್ತದೆ. ಸಾಫ್ಟ್‌ವೇರ್ ಮಾಡುವುದು ಆ ಬರೆಯುವ ಕೆಲಸವನ್ನು ಮಾತ್ರ. ಬರೆದರೆ ಅಲ್ಲಿದ್ದ ಹಳೆಯ ಡೇಟಾ ಹೋಯಿತು ಅಲ್ವಾ? ಇನ್ನು ಕ್ರ್ಯಾಕ್ ಮಾಡಿದ ರಿಕವರಿ ಸಾಫ್ಟ್‌ವೇರ್ ವಿಷಯ: ಅಡ್ಮಿನ್ ಅಧಿಕಾರ ಕೊಟ್ಟು, ಇಡೀ ಡಿಸ್ಕನ್ನು ಓದು ಅಂತ ಯಾರೋ ಗೊತ್ತಿಲ್ಲದವರ ಪ್ರೋಗ್ರಾಮಿಗೆ ಬಾಗಿಲು ತೆರೆಯುವುದು ಯಾಕೆ?

ದೊಡ್ಡ ಗಾತ್ರದ ಅಗ್ಗದ ಪೆನ್‌ಡ್ರೈವಿನಲ್ಲಿ ಮೊದಲು ಹಾಕಿದ ಫೈಲ್ ಸರಿಯಿದ್ದು, ಆಮೇಲೆ ಹಾಕಿದ್ದೆಲ್ಲ ಹಾಳಾಗಿದ್ದರೆ ರಿಕವರಿಗೆ ದುಡ್ಡು ಸುರಿಯಬೇಡಿ. ಬಹುಶಃ ಅದು ಸುಳ್ಳು ಗಾತ್ರದ ನಕಲಿ ಡ್ರೈವ್, ಆ ಫೈಲುಗಳು ಎಂದೂ ಬರೆದೇ ಇಲ್ಲ. ಉಳಿದದ್ದನ್ನು ತೆಗೆದುಕೊಂಡ ಮೇಲೆ ಎಚ್2ಟೆಸ್ಟ್‌ಡಬ್ಲ್ಯು ಅಥವಾ ಎಫ್3 ಓಡಿಸಿದರೆ ನಿಜವಾದ ಗಾತ್ರ ಗೊತ್ತಾಗುತ್ತದೆ.

ಈಗ ರಿಪೇರಿ

ಫೈಲುಗಳು ಬೇರೆ ಡಿಸ್ಕಿಗೆ ಬಂದು, ತೆರೆದು ನೋಡಿ, ಸರಿ ಅನ್ನಿಸಿದ ಮೇಲೆ ಹಳೆಯ ಡಿಸ್ಕನ್ನು ಮುಟ್ಟಿ. ಸ್ಮಾರ್ಟ್ ಸೊನ್ನೆ ಇದ್ದ ಡಿಸ್ಕಿಗೆ ಚೆಕ್‌ಡಿಸ್ಕ್ ಅನ್ನು ಮೊದಲು ಏನೂ ಸೇರಿಸದೆ ಓಡಿಸಿ. ಆಗ ಅದು ಓದಿ ವರದಿ ಕೊಡುತ್ತದೆ, ತಿದ್ದುವುದಿಲ್ಲ. ಸ್ಲ್ಯಾಶ್ ಎಫ್ ಸೇರಿಸಿದರೆ ತಿದ್ದುತ್ತದೆ. ಸ್ಲ್ಯಾಶ್ ಆರ್ ಇದರ ಜೊತೆಗೆ ಪ್ರತಿ ಸೆಕ್ಟರನ್ನೂ ನೋಡುತ್ತದೆ, ದೊಡ್ಡ ಡಿಸ್ಕಿಗೆ ಗಂಟೆಗಟ್ಟಲೆ ಬೇಕು. ಲಿನಕ್ಸ್‌ನ ಎಕ್ಸ್‌ಟ್4 ಎಂಬ ಫೈಲ್ ಸಿಸ್ಟಮ್ಮಿಗೆ ಇ2ಎಫ್‌ಎಸ್‌ಸಿಕೆ ಮೈನಸ್ ಎನ್ ಕೊಟ್ಟು ಮೊದಲು ವರದಿ ನೋಡಿ, ಆಮೇಲೆ ಡ್ರೈವನ್ನು ಅನ್‌ಮೌಂಟ್ ಮಾಡಿಯೇ (ಲಿನಕ್ಸ್ ಬಳಕೆಯಿಂದ ಬಿಡಿಸಿ) ತಿದ್ದಿ.

ಸಿ5 ಇದ್ದ ಡಿಸ್ಕಿಗೆ ಫುಲ್ ಫಾರ್ಮ್ಯಾಟ್ ಕೊಟ್ಟು ಮತ್ತೆ ಅಂಕಿ ನೋಡಿ. ಸಿ5 ಸೊನ್ನೆಯಾಗಿ 05 ಕೂಡ ಏರದಿದ್ದರೆ, ಕರೆಂಟ್ ಹೋದಾಗ ಅರ್ಧ ಬರೆದ ಸೆಕ್ಟರುಗಳಿರಬಹುದು, ಡಿಸ್ಕನ್ನು ಮುಖ್ಯವಲ್ಲದ ಕೆಲಸಕ್ಕೆ ಇಟ್ಟುಕೊಳ್ಳಿ. 05 ಏರಿದರೆ, ಅಥವಾ ಸಿ5 ಮತ್ತೆ ಹುಟ್ಟಿದರೆ ಆ ಡಿಸ್ಕಿನ ಕೆಲಸ ಮುಗಿಯಿತು.

ಇನ್ನೊಂದು ಸಂದರ್ಭ ಜನರನ್ನು ತುಂಬಾ ಸುತ್ತಾಡಿಸುತ್ತದೆ. ಸ್ಮಾರ್ಟ್ ಅಂಕಿ ಸ್ವಚ್ಛ, ಕೇಬಲ್ ಹೊಸದು, ಚೆಕ್‌ಡಿಸ್ಕ್ ಪ್ರತಿ ಸಲ ಏನಾದರೂ ತಪ್ಪು ಹುಡುಕಿ ತಿದ್ದುತ್ತದೆ, ವಾರ ಕಳೆದರೆ ಮತ್ತೆ ಹೊಸ ತಪ್ಪು. ಡಿಸ್ಕ್ ಬದಲಿಸಿದರೂ ಅದೇ ಪಾಡು. ಆಗ ಅನುಮಾನ ರ‍್ಯಾಮ್ ಮೇಲೆ ಹೋಗಬೇಕು, ಡಿಸ್ಕಿಗೆ ಬರೆಯುವ ಪ್ರತಿಯೊಂದೂ ಅದರ ಮೂಲಕವೇ ಹೋಗುತ್ತದೆ. ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86 ಬೂಟ್ ಮಾಡಿ ರಾತ್ರಿಯಿಡೀ ಓಡಲು ಬಿಡಿ. ಒಂದೇ ಒಂದು ಎರರ್ ಬಂದರೂ ರ‍್ಯಾಮ್ ಕಡ್ಡಿಗಳನ್ನು ಒಂದೊಂದಾಗಿ ಹಾಕಿ ಕೆಟ್ಟದ್ದು ಯಾವುದು ಅಂತ ಹುಡುಕಿ ತೆಗೆಯಿರಿ, ಅಲ್ಲಿಯವರೆಗೆ ಚೆಕ್‌ಡಿಸ್ಕ್‌ಗೆ ಸ್ಲ್ಯಾಶ್ ಎಫ್ ಕೊಡಬೇಡಿ. ಕೆಟ್ಟ ರ‍್ಯಾಮ್ ಇಟ್ಟುಕೊಂಡು ತಿದ್ದಿಸಿದರೆ ಸರಿಯಿರುವ ದಾಖಲೆಗಳನ್ನೂ ಅದು ತಪ್ಪಾಗಿ ತಿದ್ದುತ್ತದೆ.